ಲೀಲ್ಯಾಂಡ್ ಸ್ಟ್ಯಾನ್‌ಫೋರ್ಡ್ ಯಾರು? ವಕೀಲರಾಗಿದ್ದವರು ರೈಲ್ವೆಗೆ ಬಂದಿದ್ದು ಹೇಗೆ?

1824ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಸ್ಟ್ಯಾನ್‌ಫೋರ್ಡ್ ವಿಸ್ಕಾನ್ಸಿನ್‌ನಲ್ಲಿ ವಕೀಲರಾಗಿದ್ದರು. 1852ರಲ್ಲಿ ಬೆಂಕಿ ಬಿದ್ದು ಅವರ ಕಾನೂನು ಪುಸ್ತಕಗಳೆಲ್ಲ ಸುಟ್ಟುಹೋದವು. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಚಿನ್ನ ಹುಡುಕುವವರಿಗೆ ಸಾಮಾನು ಮಾರಿ ದುಡ್ಡು ಮಾಡಿದರು.

1861ರಲ್ಲಿ, ಕ್ಯಾಲಿಫೋರ್ನಿಯಾದಿಂದ ಪೂರ್ವಕ್ಕೆ ಹಳಿ ಹಾಕಲು ಹುಟ್ಟಿದ ಸೆಂಟ್ರಲ್ ಪೆಸಿಫಿಕ್ ರೈಲ್ವೆ ಕಂಪನಿಯ ಅಧ್ಯಕ್ಷರಾದರು. ಮರುವರ್ಷ ಕ್ಯಾಲಿಫೋರ್ನಿಯಾದ ಗವರ್ನರ್ ಕೂಡ ಆದರು. ಎರಡೂ ಅಧಿಕಾರ ಒಬ್ಬರ ಕೈಯಲ್ಲೇ ಇದ್ದದ್ದು ಕಂಪನಿಗೆ ಅನುಕೂಲವೇ ಆಯಿತು, ಅಲ್ವಾ? ಗವರ್ನರ್ ಆಗಿ ಅವರು ಚೀನೀಯರ ವಲಸೆಯನ್ನು ವಿರೋಧಿಸಿದ್ದರು. ಆದರೆ ಸಿಯೆರಾ ನೆವಾಡಾ ಬೆಟ್ಟ ಕೊರೆದು ಅವರ ರೈಲ್ವೆಗೆ ಹಳಿ ಹಾಕಿದವರಲ್ಲಿ ಹೆಚ್ಚಿನವರು ಚೀನೀ ಕಾರ್ಮಿಕರೇ. ಅವರನ್ನು ಬಿಟ್ಟು ಈ ಕಥೆ ಹೇಳಬಾರದು.

1869ರ ಮೇ 10ರಂದು ಯೂಟಾದಲ್ಲಿ ಪೂರ್ವ, ಪಶ್ಚಿಮದ ಹಳಿಗಳು ಸೇರಿದಾಗ ಚಿನ್ನದ ಮೊಳೆ ಹೊಡೆದವರು ಇವರೇ. 1884ರಲ್ಲಿ ಒಬ್ಬನೇ ಮಗ ಟೈಫಾಯ್ಡ್‌ನಿಂದ ತೀರಿಕೊಂಡ. ಅವನ ನೆನಪಿಗೆ ಗಂಡ ಹೆಂಡತಿ ಸೇರಿ ಕಟ್ಟಿದ್ದೇ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯ. 1885ರಿಂದ, 1893ರಲ್ಲಿ ಸಾಯುವವರೆಗೂ, ಅವರು ಸೆನೆಟರ್ ಆಗಿದ್ದರು.