ಒಂದೂ ಔಟ್ ಪಡೆಯದವನ ಸರಾಸರಿ

ಪ್ರಶ್ನೆ: ನಾನು ಗದಗಿನಲ್ಲಿ ಗಣಿತ ಓದುತ್ತಿರುವ ಪದವಿ ವಿದ್ಯಾರ್ಥಿ. ಅಮೆರಿಕದ ಬೇಸ್‌ಬಾಲ್ ಅಂಕಪಟ್ಟಿಗಳಲ್ಲಿ ಕೆಲವು ಪಿಚರ್‌ಗಳ (ಬ್ಯಾಟರ್‌ಗೆ ಚೆಂಡು ಎಸೆಯುವವರ) ಹೆಸರಿನ ಮುಂದೆ, ಇಆರ್‌ಎ ಎಂಬ ಕಲಮಿನಲ್ಲಿ ಅನಂತದ ಚಿಹ್ನೆ ಇರುತ್ತದೆ. ಇದು ಹೇಗೆ ಸಾಧ್ಯ? 1968ರಲ್ಲಿ ಪಿಚರ್ ಬಾಬ್ ಗಿಬ್ಸನ್ ಅವರ ಇಆರ್‌ಎ 1.12 ಇತ್ತಂತೆ. ಅದೇ ಎಲ್ಲಕ್ಕಿಂತ ದೊಡ್ಡ ಸಾಧನೆಯೇ? ಹಾಗಿದ್ದರೆ ಆ ವರ್ಷ ಅವರು ಒಂಬತ್ತು ಪಂದ್ಯ ಸೋತದ್ದೇಕೆ?

ಉತ್ತರ: ಪಿಚರ್ ಒಂಬತ್ತು ಇನಿಂಗ್ಸ್‌ಗೆ, ಅಂದರೆ ಒಂದು ಪೂರ್ಣ ಪಂದ್ಯಕ್ಕೆ, ಸರಾಸರಿ ಎಷ್ಟು ರನ್ ಕೊಟ್ಟ ಎಂಬುದೇ ಇಆರ್‌ಎ. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್‌ಗಳನ್ನು ಬಿಟ್ಟು, ಉಳಿದವನ್ನು 9ರಿಂದ ಗುಣಿಸಿ, ಅವನು ಎಸೆದ ಇನಿಂಗ್ಸ್‌ಗಳಿಂದ ಭಾಗಿಸಬೇಕು. ಮೂರು ಔಟ್ ಆದರೆ ಅವನ ಲೆಕ್ಕಕ್ಕೆ ಒಂದು ಇನಿಂಗ್ಸ್ ಸೇರುತ್ತದೆ.

ಪಿಚರ್ ಒಬ್ಬ ಮೊದಲ ಬಾರಿಗೆ ಕಣಕ್ಕಿಳಿದು, ಸತತ ಮೂವರು ಬ್ಯಾಟರ್‌ಗಳನ್ನು ಬೇಸ್ (ರನ್‌ಗಾಗಿ ಓಡುವ ಹಾದಿಯ ನಿಲುಗಡೆ) ಸೇರಲು ಬಿಟ್ಟು, ಒಂದೂ ಔಟ್ ಪಡೆಯದೆ ಹೊರನಡೆದನೆನ್ನಿ. ಆ ಮೂವರು ಮುಂದಿನ ಪಿಚರ್ ಎಸೆಯುತ್ತಿರುವಾಗ ರನ್ ಪೂರೈಸಿದರೂ ಆ ರನ್‌ಗಳು ಮೊದಲಿನವನ ಖಾತೆಗೇ ಸೇರುತ್ತವೆ. ಮೂರನ್ನು ಒಂಬತ್ತರಿಂದ ಗುಣಿಸಿದರೆ 27, ಆದರೆ ಭಾಜಕ ಸೊನ್ನೆ. ಸೊನ್ನೆಯಿಂದ ಭಾಗಿಸಲು ಬಾರದೆಂಬುದು ನಿಮಗೆ ಗೊತ್ತೇ ಇದೆ. ಪಟ್ಟಿ ಮಾಡುವವರು ಅಲ್ಲಿ ಅನಂತದ ಚಿಹ್ನೆ ಹಾಕುತ್ತಾರೆ. ಮುಂದಿನ ಸಲ ಅವನು ರನ್ ಕೊಡದೆ ಒಂದೇ ಒಂದು ಔಟ್ ಪಡೆದರೆ ಅನಂತವು 81.00ಕ್ಕೆ ಇಳಿಯುತ್ತದೆ, ಬೇರೆ ರನ್ ಕೊಡದೆ ಒಟ್ಟು ಒಂಬತ್ತು ಇನಿಂಗ್ಸ್ ಮುಗಿಸಿದರೆ ಅದೇ ಮೂರು ರನ್‌ಗಳಿಗೆ 3.00 ಎಂಬ ಗೌರವದ ಅಂಕಿ ಬರುತ್ತದೆ. ಹೀಗಾಗಿ ಅನಂತವೆಂಬುದು ಪಿಚರ್‌ನ ಅಸಾಮರ್ಥ್ಯಕ್ಕಿಂತ ಹೆಚ್ಚಾಗಿ ಅವನಿಗೆ ಸಿಕ್ಕ ಅವಕಾಶ ಎಷ್ಟು ಕಡಿಮೆ ಎಂಬುದನ್ನೇ ಹೇಳುತ್ತದೆ.

ಅತಿ ಕಡಿಮೆ ಅಂಕಿಗೂ ಇದೇ ಮಾತು ಸಲ್ಲುತ್ತದೆ. ನಿಮ್ಮೂರಿನವರೇ ಆದ ಕ್ರಿಕೆಟಿಗ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಅಂದಿನ ಸರಾಸರಿ ವಿಕೆಟ್‌ಗೆ 1.20 ರನ್. ಎಷ್ಟೇ ಹೆಮ್ಮೆಪಟ್ಟರೂ ಕಡಿಮೆಯೇ ಎನಿಸುವ ಬೌಲಿಂಗ್ ಅದು. ಆದರೂ ಒಂದು ದಿನದ ಅಂಕಿಯನ್ನು ಯಾರೂ ಇಡೀ ವೃತ್ತಿಜೀವನದ ಅಂಕಿಯೊಂದಿಗೆ ತೂಗುವುದಿಲ್ಲ. ಆದ್ದರಿಂದಲೇ ಬೇಸ್‌ಬಾಲ್‌ನಲ್ಲಿ ವರ್ಷದ ಇಆರ್‌ಎ ಪಟ್ಟಿಗೆ ಅರ್ಹರಾಗಲು ತಂಡದ ಪ್ರತಿ ಪಂದ್ಯಕ್ಕೆ ಒಂದರಂತೆ, ಈಗಿನ ಲೆಕ್ಕದಲ್ಲಿ 162 ಇನಿಂಗ್ಸ್ ಎಸೆದಿರಬೇಕು.

ಗಿಬ್ಸನ್ ಎಸೆದದ್ದು 304 ಇನಿಂಗ್ಸ್‌ಗಳಿಗೂ ಹೆಚ್ಚು, ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟರೆ ಕೊಟ್ಟದ್ದು 38 ರನ್. ಬರಿಯ ಅಂಕಿಯನ್ನೇ ನೋಡಿದರೆ 1914ರ ಡಚ್ ಲಿಯೊನಾರ್ಡ್ ಅವರ 0.96 ಇನ್ನೂ ಕಡಿಮೆ. ಆದರೆ 1968 ಎಲ್ಲ ಪಿಚರ್‌ಗಳಿಗೂ ಅನುಕೂಲವಾಗಿದ್ದ ವರ್ಷ. ಪಿಚರ್‌ಗಳ ಮೇಲುಗೈ ಎಷ್ಟಿತ್ತೆಂದರೆ ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ತಗ್ಗಿಸಲಾಯಿತು. ಇದಕ್ಕೆ ವಿರುದ್ಧವಾಗಿ 2000ದಲ್ಲಿ ಬ್ಯಾಟರ್‌ಗಳದ್ದೇ ರಾಜ್ಯ. ಆ ವರ್ಷ ಅಮೆರಿಕನ್ ಲೀಗ್‌ನ ಒಟ್ಟಾರೆ ಇಆರ್‌ಎ ಸುಮಾರು 4.9 ಇದ್ದಾಗ ಪೆಡ್ರೊ ಮಾರ್ಟಿನೆಜ್ 217 ಇನಿಂಗ್ಸ್‌ಗಳಲ್ಲಿ 1.74 ಕಾಯ್ದುಕೊಂಡರು, ಅವರ ನಂತರದ ಸ್ಥಾನದಲ್ಲಿದ್ದ ರೋಜರ್ ಕ್ಲೆಮೆನ್ಸ್ ಅವರದ್ದು 3.70. ಮೊದಲನೆಯವರಿಗೂ ಎರಡನೆಯವರಿಗೂ ಇರುವ ಈ ಅಂತರದಿಂದಾಗಿ ನಾನು ಮಾರ್ಟಿನೆಜ್ ಅವರ ಸಾಧನೆಯನ್ನೇ ಮೇಲೆಂದು ಎಣಿಸುತ್ತೇನೆ.

ಇನ್ನು ಸೋಲಿನ ವಿಷಯ. ಪಿಚರ್‌ನ ಹೆಸರಿಗೆ ಬರೆಯುವ ಗೆಲುವು ಸೋಲುಗಳು ಅವನ ತಂಡದ ಬ್ಯಾಟಿಂಗ್ ಅನ್ನೂ ಅವಲಂಬಿಸಿವೆ. 2018ರಲ್ಲಿ 1.70 ಇಆರ್‌ಎ ಹೊಂದಿದ್ದ ಜೇಕಬ್ ಡಿಗ್ರೋಮ್ ಗೆದ್ದದ್ದು 10, ಸೋತದ್ದು 9. ಗಿಬ್ಸನ್ ಅವರ ಸೋಲುಗಳಲ್ಲೊಂದು 1968ರ ಸೆಪ್ಟೆಂಬರ್ 17ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಂತು. ಅಂದು ಅವರು ಬಿಟ್ಟುಕೊಟ್ಟದ್ದು ಒಂದೇ ರನ್. ಎದುರಾಳಿ ಪಿಚರ್ ಗೇಲಾರ್ಡ್ ಪೆರಿ ಅವರ ಎಸೆತಗಳಿಗೆ ಗಿಬ್ಸನ್ ತಂಡದವರಿಗೆ ಇಡೀ ಪಂದ್ಯದಲ್ಲಿ ಒಂದು ಹಿಟ್ (ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ಸೇರುವುದು) ಕೂಡ ಸಿಗಲಿಲ್ಲ.