ಯುವಕರು ಡಿಜಿಟಲ್ ಹಣಕಾಸು ಸೇವೆ ಬಳಸೋದು ಫೋನ್ ಚೆನ್ನಾಗಿ ಗೊತ್ತಿರೋದಕ್ಕೇನಾ?

ನೀವು ಕೇಳಿರೋದು, ಈಗಿನ ಹುಡುಗ ಹುಡುಗಿಯರು ಡಿಜಿಟಲ್ ಹಣಕಾಸು ಸೇವೆಗೆ ಒಪ್ಪೋದು ಚಿಕ್ಕಂದಿನಿಂದ ಫೋನ್ ಹಿಡಿದು ಬೆಳೆದಿರೋದಕ್ಕಾ ಅಥವಾ ಬೇರೆ ಏನಾದ್ರೂ ಇದೆಯಾ ಅಂತ. ನನ್ನ ಪ್ರಕಾರ ಫೋನ್ ಗೊತ್ತಿರೋದು ಆ್ಯಪ್ ಹಾಕ್ಕೊಳ್ಳೋ ತನಕ ಅಷ್ಟೇ, ಆಮೇಲೆ ದುಡ್ಡಿನ ವಿಷಯ ಬಂದ್ರೆ ಇಪ್ಪತ್ತರ ವಯಸ್ಸಿನವರಿಗೂ ಅರವತ್ತರವರಿಗೂ ಭಯ ಒಂದೇ.

ಇದರ ಬಗ್ಗೆ ಓದೋಕೆ ಕೂತ್ರೆ ಮೊದಲು ಸಿಗೋದು ಜನ ಹೊಸ ತಂತ್ರಜ್ಞಾನನ ಯಾಕೆ ಒಪ್ಕೊಳ್ತಾರೆ ಅಂತ ಫ್ರೆಡ್ ಡೇವಿಸ್ ಅನ್ನೋ ಸಂಶೋಧಕರು 1989ರಲ್ಲಿ ಬರೆದ ಮಾಡೆಲ್. ಉಪಯೋಗ ಇದೆ ಅನ್ನಿಸ್ಬೇಕು, ಸುಲಭ ಅನ್ನಿಸ್ಬೇಕು, ಅಷ್ಟೇ. 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತೆ ಜೊತೆಗಾರರು ಅದಕ್ಕೆ ಸುತ್ತಲಿನವರ ಪ್ರಭಾವ, ಬಳಸೋಕೆ ಬೇಕಾದ ಸೌಕರ್ಯ ಎಲ್ಲಾ ಸೇರಿಸಿದ್ರು, 2012ರಲ್ಲಿ ಮಜಾ, ಖರ್ಚು, ಅಭ್ಯಾಸಾನೂ ಬಂದ್ವು. ಆದ್ರೆ ಶುರುವಿನ ಮಾಡೆಲ್ ಆಫೀಸಲ್ಲಿ ಕಂಪ್ಯೂಟರ್ ಬಳಸೋರನ್ನ ಇಟ್ಕೊಂಡು ಮಾಡಿದ್ದು ನೋಡಿ, ಅಲ್ಲಿ ಯಾರೂ ಸ್ವಂತ ದುಡ್ಡು ಕಳ್ಕೊಳ್ತಿರ್ಲಿಲ್ಲ. ಅದಕ್ಕೇ ಆಮೇಲೆ ಬಂದೋರು ನಂಬಿಕೆ, ರಿಸ್ಕ್ ಅಂತ ಬೇರೆಯಾಗಿ ಸೇರಿಸ್ಬೇಕಾಯ್ತು.

ಪೇಮೆಂಟ್ ಆ್ಯಪ್ ವಿಷಯದಲ್ಲಿ ಎಲ್ಲಕ್ಕಿಂತ ಜೋರಾಗಿ ಕೆಲಸ ಮಾಡೋದು ಸ್ನೇಹಿತರೇ. ಗುಂಪಲ್ಲಿ ಒಬ್ಬರು ಎಲ್ಲರ ಬಿಲ್ ಕಟ್ಟಿ 'ನಿನ್ನ ಪಾಲು ಕಳ್ಸು' ಅಂದಾಗ, ನನ್ನ ಹತ್ರ ಆ್ಯಪ್ ಇಲ್ಲ ಅನ್ನೋಕೆ ಒಂಥರಾ ಮುಜುಗರ ಆಗುತ್ತಲ್ಲ, ಆ ಮುಜುಗರದ ಮುಂದೆ ಯಾವ ಜಾಹೀರಾತೂ ನಿಲ್ಲಲ್ಲ. ಕ್ಯಾಶ್‌ಬ್ಯಾಕ್ ನೋಡಿ ಇನ್‌ಸ್ಟಾಲ್ ಮಾಡೋರು ಬಹಳ ಜನ, ಆಫರ್ ಮುಗಿದ ಮೇಲೆ ಉಳಿಯೋರು ಮಾತ್ರ ಜೊತೆಯವರೂ ಅಲ್ಲೇ ಇದಾರೆ ಅಂತ ಉಳಿಯೋರು.

ನಂಬಿಕೆ ಅಂದ್ರೆ ಯಾರೂ ಎನ್‌ಕ್ರಿಪ್ಶನ್ ಬಗ್ಗೆ ಓದ್ಕೊಂಡು ಬರಲ್ಲ. ಹಣ ಕಟ್ ಆಗಿ ಆ ಕಡೆ ತಲುಪಲಿಲ್ಲ ಅಂದ್ರೆ ವಾಪಸ್ ಬರುತ್ತಾ, ಕೇಳೋಕೆ ಒಬ್ಬ ಮನುಷ್ಯ ಸಿಗ್ತಾನಾ, ಇಷ್ಟೇ ನೋಡೋದು. ಕೀನ್ಯಾದಲ್ಲಿ 2007ರಲ್ಲಿ ಶುರುವಾದ ಎಂ-ಪೆಸಾ ಅನ್ನೋ ಫೋನಲ್ಲೇ ಹಣ ಕಳಿಸೋ ಸೇವೆ ಸ್ಮಾರ್ಟ್‌ಫೋನ್ ಇಲ್ಲದೆ ಮಾಮೂಲಿ ಫೋನಲ್ಲೇ ಓಡ್ತು, ಯಾಕಂದ್ರೆ ಹತ್ತಿರದ ಏಜೆಂಟ್ ಹತ್ರ ಹೋದ್ರೆ ಫೋನಲ್ಲಿರೋ ದುಡ್ಡು ಕೈಗೆ ನೋಟಾಗಿ ಬರ್ತಿತ್ತು. ಸ್ಕ್ರೀನ್ ಚೆಂದ ಇದ್ರೆ ಹುಡುಗರು ಬಂದ್ಬಿಡ್ತಾರೆ ಅನ್ನೋರಿಗೆ ನಾನು ಇದನ್ನೇ ಹೇಳೋದು.

ಉಳಿತಾಯ, ಇನ್ಶೂರೆನ್ಸ್, ಹೂಡಿಕೆ ಲೆಕ್ಕಾನೇ ಬೇರೆ. ದಿನಾ ಸ್ಕ್ಯಾನ್ ಮಾಡಿ ಹಣ ಕೊಡೋ ಅದೇ ವ್ಯಕ್ತಿ ಇನ್ಶೂರೆನ್ಸ್ ಪೇಜ್ ಬಂದ್ರೆ ಮುಚ್ಚಿ ಹೋಗ್ತಾರೆ, ಆದಾಯ ಒಂದು ತಿಂಗಳು ಇದ್ದಂಗೆ ಇನ್ನೊಂದು ತಿಂಗಳು ಇರಲ್ಲ, ಲಾಭ ಎಲ್ಲೋ ದೂರ, ಷರತ್ತು ಅರ್ಥ ಆಗಲ್ಲ, ಮತ್ತೆ ಸ್ನೇಹಿತರು ಮಾಡಿದಾರೋ ಇಲ್ವೋ ಅದು ಕಣ್ಣಿಗೂ ಕಾಣಲ್ಲ. ಸಾಲ ಮಾತ್ರ ಇದಕ್ಕೆ ಉಲ್ಟಾ, ಎರಡು ಸಲ ಒತ್ತಿದ್ರೆ ಬರುತ್ತೆ, ಅಲ್ಲಿ ಸುಲಭ ಇರೋದೇ ಅಪಾಯ. ಅದನ್ನೂ ಸೇರಿಸಿ 'ಯುವಕರು ಚೆನ್ನಾಗಿ ಒಗ್ಗಿಕೊಂಡಿದಾರೆ' ಅಂತ ಖುಷಿ ಪಡೋದು ನನಗಂತೂ ಸರಿ ಕಾಣಲ್ಲ.

ಇನ್ನು ಮನಸ್ಸಿದ್ರೂ ಆಗದೇ ಇರೋರು ಇದಾರೆ. ವಯಸ್ಸು ಸಾಲದೋರು, ಗುರುತಿನ ದಾಖಲೆ ಇಲ್ಲದೋರು, ಮನೆಯವರೆಲ್ಲಾ ಸೇರಿ ಒಂದೇ ಫೋನ್ ಬಳಸೋರು.

ನೀವು ಪ್ರಾಜೆಕ್ಟ್‌ಗೆ ಸರ್ವೆ ಮಾಡೋದಾದ್ರೆ 'ಮುಂದೆ ಬಳಸ್ತೀರಾ' ಅಂತ ಕೇಳಿ ನಿಲ್ಲಿಸ್ಬೇಡಿ, ಅದಕ್ಕೆ ಹೂಂ ಅನ್ನೋದು ಸುಲಭ. ಪೇಮೆಂಟ್, ಉಳಿತಾಯ, ಸಾಲ ಬೇರೆ ಬೇರೆ ಕೇಳಿ, ಮತ್ತೆ ಆ್ಯಪ್ ಹಾಕಿ ಆಮೇಲೆ ತೆಗೆದು ಹಾಕಿದೋರನ್ನ ಹುಡುಕಿ ಯಾಕೆ ತೆಗೆದ್ರಿ ಅಂತ ಕೇಳಿ.