ಕೆಲಸದ ತಪ್ಪುಗಳ ಮೂಲಕಾರಣ ಹುಡುಕುವ ತರಬೇತಿಯಿಂದ ಪ್ರಯೋಜನವಿದೆಯೇ?

ಕುಶಾಲನಗರದ ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ) ಘಟಕದ ಮೇಲ್ವಿಚಾರಕರಿಗೆ ಇಂತಹ ತರಬೇತಿ ಕೊಡಿಸಿದರೆ ತಪ್ಪುಗಳು ನಿಜಕ್ಕೂ ಕಡಿಮೆಯಾಗುತ್ತವೆಯೇ ಎಂದು ಕೇಳಿದ್ದೀರಿ. ಆಗುತ್ತವೆ, ಆದರೆ ತಪ್ಪು ಮಾಡಿದವರನ್ನು ಗುರುತಿಸಿದ ಮೇಲೂ ತನಿಖೆಯನ್ನು ಮುಂದುವರಿಸಲು ಅದು ಕಲಿಸಬೇಕು.

ಪಾರ್ಚ್‌ಮೆಂಟ್ ಕಾಫಿಯ (ಹಣ್ಣಿನ ತಿರುಳು ತೆಗೆದು ಒಳಸಿಪ್ಪೆಯೊಡನೆ ಒಣಗಿಸಿದ ಬೀಜ) ತೇವಾಂಶ ಶೇ 10ರ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ಹಸಿಯಿದ್ದ ಚೀಲಗಳು ಗೋದಾಮು ಸೇರಿ ಬೂಷ್ಟು ಹಿಡಿದವು ಎಂದುಕೊಳ್ಳಿ. ಅಳತೆ ನೋಡಿದವನನ್ನು ಗದರಿಸಿದರೆ ಪ್ರಕರಣ ಮುಗಿದಂತೆ ಕಾಣುತ್ತದೆ. ಟೊಯೋಟಾ ಕಾರ್ಖಾನೆಗಳಲ್ಲಿ ರೂಢಿಗೆ ಬಂದ ‘ಐದು ಬಾರಿ ಏಕೆ’ ಎಂಬ ಕ್ರಮದಲ್ಲಿ, ಸಿಕ್ಕ ಪ್ರತಿ ಉತ್ತರಕ್ಕೂ ಮತ್ತೆ ಏಕೆ ಎಂದು ಕೇಳುತ್ತ ಹೋದರೆ, ತೇವಾಂಶ ಅಳೆಯುವ ಮೀಟರಿನ ನಿಖರತೆಯನ್ನು ಬಹುಕಾಲದಿಂದ ಪರೀಕ್ಷಿಸಿರಲಿಲ್ಲ, ಆ ಹೊಣೆಯನ್ನು ಯಾರಿಗೂ ವಹಿಸಿರಲಿಲ್ಲ, ಕೊಯ್ಲಿನ ದಿನಗಳಲ್ಲಿ ಲಾರಿಗಳ ಸಾಲು ಬೆಳೆದಾಗ ಎರಡನೆಯ ಪರೀಕ್ಷೆಯನ್ನು ಕೈಬಿಡುವುದು ಅಭ್ಯಾಸವಾಗಿತ್ತು ಎಂಬ ಸಂಗತಿಗಳು ಹೊರಬೀಳಬಹುದು. ಕಾರಣಗಳು ಹೀಗೆ ಹಲವು ಕಡೆ ಕವಲೊಡೆಯುವುದರಿಂದ ಜಪಾನಿನ ಗುಣಮಟ್ಟ ತಜ್ಞ ಇಶಿಕಾವಾ ಅವರ ಮೀನಿನ ಮುಳ್ಳಿನ ಚಿತ್ರವನ್ನೂ (ಒಂದು ಸಮಸ್ಯೆಯ ಹಲವು ಕಾರಣಗಳನ್ನು ಮುಳ್ಳುಗಳಂತೆ ಕವಲಾಗಿ ಬರೆಯುವ ನಕ್ಷೆ) ಕಲಿಸಬೇಕು.

ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಅವರು ಕೈತಪ್ಪು, ಮರೆವು, ತಪ್ಪು ನಿರ್ಣಯ ಹಾಗೂ ನಿಯಮೋಲ್ಲಂಘನೆಗಳನ್ನು ಬೇರ್ಪಡಿಸಿ ತೋರಿಸಿದ್ದಾರೆ. ತರಬೇತಿಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇದೇ ಭಾಗ, ಏಕೆಂದರೆ ಮರೆತವನಿಗೆ ಮತ್ತೆ ಪಾಠ ಹೇಳುವುದು ವ್ಯರ್ಥ. ತೇವಾಂಶ ದಾಖಲಾಗದ ಚೀಲಕ್ಕೆ ಗೋದಾಮಿನ ಚೀಟಿಯೇ ಮುದ್ರಣವಾಗದಂತೆ ಮಾಡಿದರೆ ಮರೆವಿಗೆ ಆಸ್ಪದವಿರುವುದಿಲ್ಲ. ‘ಇನ್ನು ಮುಂದೆ ಎಚ್ಚರವಾಗಿರಿ’ ಎಂಬ ಸುತ್ತೋಲೆಯನ್ನು ಪರಿಹಾರವೆಂದು ಒಪ್ಪಲಾಗದು. (ದುರದೃಷ್ಟವಶಾತ್ ಹೆಚ್ಚಿನ ವರದಿಗಳು ಅಲ್ಲಿಗೇ ಮುಗಿಯುತ್ತವೆ.)

ತರಗತಿಯಲ್ಲಿ ನಿಮ್ಮದೇ ಘಟಕದ ಹಳೆಯ ಪ್ರಕರಣಗಳನ್ನು ಬಿಡಿಸುವಂತಿರಲಿ, ಚೀಲ ಹೊರುವವರೂ ಯಂತ್ರ ನಡೆಸುವವರೂ ಅದರಲ್ಲಿ ಕುಳಿತಿರಲಿ. ಸೂಚಿಸಿದ ಬದಲಾವಣೆ ಜಾರಿಯಲ್ಲಿದೆಯೇ ಎಂಬುದನ್ನು ಮುಂದಿನ ಕೊಯ್ಲಿನಲ್ಲಿ ಸ್ಥಳದಲ್ಲೇ ಪರಿಶೀಲಿಸಿ.